ಕೆಳಗಿನಿಂದ ಹೇಳುವವಳು

ಫೆಬ್ರವರಿ 3, ಸೋಮವಾರ

ಇವತ್ತು ಊಟದ ಹೊತ್ತಿಗೆ ಮೇಸ್ತ್ರಿ ಬಂದು, ಮುಂದಿನ ತಿಂಗಳು ಹತ್ತಕ್ಕೆ ಕ್ರೇನ್ ಆಪರೇಟರ್ ಪರೀಕ್ಷೆ ಇದೆ, ನಿನ್ನ ಹೆಸರು ಕೊಡಲಾ ಎಂದು ಕೇಳಿದರು. ಬಾಯಲ್ಲಿ ತುತ್ತಿತ್ತು. ತಲೆ ಆಡಿಸಿದೆ. ಹೌದು ಅಂತ ಆಡಿಸಿದೆನೋ ಬೇಡ ಅಂತ ಆಡಿಸಿದೆನೋ ನನಗೇ ಗೊತ್ತಿಲ್ಲ. ಅವರು ಹೌದು ಅಂತ ತಿಳಿದುಕೊಂಡು ಹೋಗಿಬಿಟ್ಟರು. 

ಹೋದ ವರ್ಷವೂ ಹೀಗೇ ಹೆಸರು ಕೊಟ್ಟಾಗಿತ್ತು. ಪರೀಕ್ಷೆಯ ಹಿಂದಿನ ದಿನ ಅಣ್ಣನ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಅಣ್ಣ, "ಪುಟ್ಟಿ, ನಿನ್ನ ಕೈ ನಡುಗ್ತಿದೆ ಕಣೇ" ಅಂದ. ಅಲ್ಲಿಯವರೆಗೆ ನಾನು ಕೈ ನೋಡಿಕೊಂಡಿರಲಿಲ್ಲ. ನೋಡಿಕೊಂಡೆ, ನಡುಗುತ್ತಿತ್ತು. ಮಾರನೆಯ ದಿನ ಪರೀಕ್ಷೆಗೆ ಹೋಗಲೇ ಇಲ್ಲ.

ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವನು ಅಣ್ಣ. ಈ ಕೆಲಸಕ್ಕೆ ಕರೆತಂದವನೂ ಅವನೇ. ಅವನು ಮೇಲೆ ಕ್ಯಾಬಿನ್ನಿನಲ್ಲಿ ಕೂರುತ್ತಾನೆ, ನಾನು ಕೆಳಗೆ ವಾಕಿಟಾಕಿ ಹಿಡಿದು, ಎಡಕ್ಕೆ, ಇನ್ನೂ ಎಡಕ್ಕೆ, ಇಳಿಸು, ನಿಧಾನ, ನಿಲ್ಸು ಎಂದು ಹೇಳುತ್ತೇನೆ. ನಾನು ಹೇಳಿದ್ದನ್ನು ಅವನು ಮತ್ತೆ ಹೇಳಿ ಹಾಗೇ ಮಾಡುತ್ತಾನೆ. ಲೋಡ್ ಎತ್ತುವವನು ಅವನು. ನಾನು ಬರೀ ಬಾಯಿ. ನನ್ನ ಯೋಗ್ಯತೆಗೆ ಅಷ್ಟು ಸಾಕು.

ಸಂಜೆ ಮನೆಯಲ್ಲಿ ವಿಷಯ ಹೇಳಿದೆ. ಅಣ್ಣ, ಆಕಾಶಕ್ಕೆ ಏಣಿ ಹಾಕೋಕೆ ಹೊರಟಿದ್ದಾಳೆ ನೋಡು ಎಂದು ಅತ್ತಿಗೆಗೆ ಹೇಳಿ ನಕ್ಕ. ನಾನೂ ನಕ್ಕೆ. ಆದರೆ ಅವನು ನಗು ನಿಲ್ಲಿಸಿದ ಮೇಲೆ ತುಂಬಾ ಹೊತ್ತು ಗೋಡೆಯನ್ನೇ ನೋಡುತ್ತಿದ್ದ.

ಫೆಬ್ರವರಿ 5, ಬುಧವಾರ

ಗಾಳಿ ಶುರುವಾಗಿದೆ. ಎದ್ದ ಕೂಡಲೇ ಕಿಟಕಿಯ ಚಿಲಕ ಟಕಟಕ ಅನ್ನುತ್ತಿತ್ತು.

ಊಟಕ್ಕೆ ಕೂತಾಗ ಅಣ್ಣ ಜಗ್ಗಿನಿಂದ ನೀರನ್ನು ಲೋಟಕ್ಕೆ ಬಗ್ಗಿಸಲು ಹೋಗಿ ಪಕ್ಕಕ್ಕೆ ಸುರಿದ. ಮೇಜಿನ ಅಂಚಿನಿಂದ ನೀರು ಇಳಿದು ಅವನ ಕಾಲ ಮೇಲೆ ಬೀಳುವವರೆಗೂ ಸುರಿಯುತ್ತಲೇ ಇದ್ದ. ಅತ್ತಿಗೆ ಏನೂ ಅನ್ನದೆ ಬಟ್ಟೆ ತಂದು ಒರೆಸಿದರು. ಅವರು ಬೈಯದೇ ಇದ್ದದ್ದು ನನಗೆ ಆಶ್ಚರ್ಯ. ನಾನು ಒಂದು ಹನಿ ಚೆಲ್ಲಿದರೂ ಏಳು ಜನ್ಮದ ತಪ್ಪು ಎತ್ತಿ ಆಡುವವರು ಅವರು.

ಇಡೀ ದಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತವನಿಗೆ ಸಂಜೆ ಆಯಾಸ ಆಗದೇ ಇರುತ್ತದೆಯೇ.

ಫೆಬ್ರವರಿ 8, ಶನಿವಾರ

ಮೊದಲೆಲ್ಲ ನಾನು ವಾಕಿಟಾಕಿಯಲ್ಲಿ ಜಾಸ್ತಿ ಮಾತಾಡಿದರೆ ಅಣ್ಣ, ಬಾಯಿಗೆ ಬೀಗ ಹಾಕು ಎನ್ನುತ್ತಿದ್ದ. ಈಗ ಉಲ್ಟಾ. ಒಂದು ಕ್ಷಣ ಸುಮ್ಮನಿದ್ದರೆ ಸಾಕು, ಮೇಲಿನಿಂದ ಕೇಳುತ್ತಾನೆ: "ಮಾತಾಡ್ತಾ ಇರು. ನಿಲ್ಲಿಸ್ಬೇಡ."

ಹಾಗಾಗಿ ಹೇಳುತ್ತಲೇ ಇರುತ್ತೇನೆ. ಸರಳಿನ ಕಟ್ಟು ಗೋಡೆಯಿಂದ ಎಷ್ಟು ದೂರ ಇದೆ, ಕೆಳಗೆ ಯಾರಿದ್ದಾರೆ, ಕೊಕ್ಕೆ ತಿರುಗುತ್ತಿದೆಯೋ ಇಲ್ಲವೋ, ಎಲ್ಲ. ಸಂಜೆಗೆ ಗಂಟಲು ಕಟ್ಟಿಹೋಗಿತ್ತು. ಕೊಕ್ಕೆಗೆ ಬೆಲ್ಟ್ ಸಿಕ್ಕಿಸುವವನನ್ನು ನಾವೆಲ್ಲ ಗೊರಕೆ ಅಂತ ಕರೆಯುತ್ತೇವೆ, ಅವನೂ ತಮಾಷೆ ಮಾಡಿದ. ಅವನ ನಿಜವಾದ ಹೆಸರು ಯಾರಿಗೂ ಬೇಡ. ಊಟವಾದ ಮೇಲೆ ಸಿಮೆಂಟ್ ಚೀಲದ ಮೇಲೆ ಮಲಗಿ ಅವನು ಹೊಡೆಯುವ ಗೊರಕೆಗೆ ಕಾಂಕ್ರೀಟ್ ಕಲಸುವ ಮಿಷನ್ನು ಕೂಡ ನಾಚಿಕೊಳ್ಳಬೇಕು. "ತಂಗೀ, ನೀನು ಕ್ರಿಕೆಟ್ ಕಾಮೆಂಟ್ರಿ ಹೇಳೋಕೆ ಹೋಗ್ಬಹುದು" ಅಂದ.

ನನ್ನ ಸಿಗ್ನಲ್ ಸ್ಪಷ್ಟವಾಗಿಲ್ಲ ಅಂತಲೇ ಅಣ್ಣ ಮತ್ತೆ ಮತ್ತೆ ಕೇಳುತ್ತಿರಬೇಕು. ಇಷ್ಟು ವರ್ಷವಾದರೂ ಇದನ್ನೂ ನೆಟ್ಟಗೆ ಕಲಿತಿಲ್ಲ, ಇನ್ನು ಪರೀಕ್ಷೆಯಂತೆ.

ಫೆಬ್ರವರಿ 12, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಸರಳಿನ ಕಟ್ಟೊಂದನ್ನು ನಾಲ್ಕನೇ ಮಹಡಿಗೆ ಇಳಿಸುತ್ತಿದ್ದೆವು. ಗೊರಕೆ ಬಾಗಿ, ಕಟ್ಟು ಕೂರಲು ಮರದ ತುಂಡು ಜೋಡಿಸುತ್ತಿದ್ದ. ನಾನು ನಿಲ್ಸು ಅಂದೆ. ಅಣ್ಣ ನಿಲ್ಸಿದೆ ಅಂದ. ಕಟ್ಟು ನಿಲ್ಲಲಿಲ್ಲ. ಇನ್ನೂ ಮುಂದೆ ಬಂತು, ಗೊರಕೆಯ ತಲೆಯ ಮೇಲಿಂದ ಹೋಗಿ ಅವನ ಹೆಲ್ಮೆಟ್ಟನ್ನು ಹಾರಿಸಿಕೊಂಡು ಹೋಯಿತು. ಹೆಲ್ಮೆಟ್ ಕೆಳಗಿನ ಅಂಗಳಕ್ಕೆ ಬಿದ್ದ ಸದ್ದು ಕೇಳಿಸಲು ಎಷ್ಟೋ ಹೊತ್ತು ಹಿಡಿಯಿತು ಅನಿಸಿತು. ಅವನು ಆ ಗಳಿಗೆಯಲ್ಲಿ ಬಾಗಿರದೆ ನೆಟ್ಟಗೆ ನಿಂತಿದ್ದರೆ?

ಎಲ್ಲರೂ ನನ್ನ ಕಡೆ ನೋಡಿದರು. ಅಣ್ಣ ಕೆಳಗೆ ಇಳಿದು ಬಂದ. ಅವನ ಮುಖ ಬಿಳಿಚಿಕೊಂಡಿತ್ತು. ಮೇಸ್ತ್ರಿ ಏನಾಯಿತು ಎಂದು ಕೇಳುವ ಮೊದಲೇ, ಸಿಗ್ನಲ್ ತಡವಾಗಿ ಬಂತು ಎಂದ. ನನ್ನ ಕಡೆ ನೋಡದೆ ಹೇಳಿದ.

ನಾನು ಹೌದು ಅಂದೆ. ತಡವಾಗಿ ಹೇಳಿದೆ, ನನ್ನದೇ ತಪ್ಪು ಅಂದೆ. ಇನ್ನೇನು ಇರಲು ಸಾಧ್ಯ? ಹದಿನೈದು ವರ್ಷ ಕ್ರೇನ್ ಓಡಿಸಿದವನು ತಪ್ಪು ಮಾಡುತ್ತಾನೆಯೇ? ಮೇಸ್ತ್ರಿ ಬೈಯಲಿಲ್ಲ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರೆ, ಎಲ್ಲರೂ ಕೆಲಸಕ್ಕೆ ಹೋಗಿ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 13, ಗುರುವಾರ

ಅಣ್ಣ ನನಗೆ ಹೊಸ ಚಪ್ಪಲಿ ತಂದಿದ್ದಾನೆ. ಹೋಗಲಿ ಬಿಡು, ತಪ್ಪು ಎಲ್ಲರಿಂದಲೂ ಆಗುತ್ತೆ ಅಂದ. ನನಗೆ ಅಳು ಬಂತು.

ಫೆಬ್ರವರಿ 16, ಭಾನುವಾರ

ತರಕಾರಿ ತರಲು ಹೋದಾಗ ಮಾರುಕಟ್ಟೆಯ ಬಾಗಿಲಲ್ಲಿ ಗೊರಕೆ ಸಿಕ್ಕ. ಹೆಂಡತಿ ಪಕ್ಕದಲ್ಲಿದ್ದಳು. ನನ್ನನ್ನು ನೋಡಿ ಅವಳು ಮುಖ ತಿರುಗಿಸಿದಳು. ಗಂಡನ ತಲೆ ಉಳಿದದ್ದೇ ದೊಡ್ಡದು, ಅವಳನ್ನು ಹೇಗೆ ತಪ್ಪು ಅನ್ನಲಿ? ಗೊರಕೆ ಅವಳನ್ನು ಮುಂದೆ ಕಳಿಸಿ ನನ್ನನ್ನು ಕರೆದ.

"ತಂಗೀ, ಒಂದು ಮಾತು. ನನ್ನ ಸೊಂಟದಲ್ಲೂ ಒಂದು ವಾಕಿಟಾಕಿ ಇತ್ತು. ನೀನು ಹೇಳಿದ್ದು ನನಗೂ ಕೇಳಿಸ್ತು. ಸರಿಯಾದ ಹೊತ್ತಿಗೇ ಹೇಳಿದೆ. ಆಮೇಲೂ ಅದು ಬಂತು."

ನಾನು ನಂಬಲಿಲ್ಲ. ನಿನಗೆ ಗಾಬರಿಯಲ್ಲಿ ಹಾಗನ್ನಿಸಿರಬೇಕು ಅಂದೆ. ಅವನು, ಸಾಯೋ ಗಳಿಗೆಯಲ್ಲಿ ಕಿವಿ ಚುರುಕಾಗಿರುತ್ತೆ, ಮಂಕಾಗಲ್ಲ ಎಂದು ಹೇಳಿ ಹೋದ.

ಬೇಡದ ಮಾತು. ಇದನ್ನು ನಂಬಿದರೆ ಇನ್ನೊಂದನ್ನೂ ನಂಬಬೇಕಾಗುತ್ತದೆ. ಅದರ ಬದಲು ನಾನು ದಡ್ಡಿ ಅನ್ನುವುದೇ ವಾಸಿ.

ಫೆಬ್ರವರಿ 20, ಗುರುವಾರ

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹತ್ತು ಗಂಟೆಯ ಹೊತ್ತಿಗೆ ಕೊಕ್ಕೆ ಖಾಲಿ ಬರುತ್ತಿತ್ತು. ಮೇಲಿನ ಸ್ಲ್ಯಾಬ್ ಪೂರ್ತಿ ಖಾಲಿ, ಒಂದು ಚೀಲವೂ ಇಲ್ಲ, ಜನರಿಲ್ಲ. ನಡುವೆ ನಾನೊಬ್ಬಳೇ, ಹಳದಿ ಜಾಕೆಟ್ ಹಾಕಿಕೊಂಡು, ಒಳ್ಳೆ ಬಿಸಿಲಿನಲ್ಲಿ. ಗಂಟಲು ನೋಯುತ್ತಿತ್ತು. ಖಾಲಿ ಕೊಕ್ಕೆ ತಾನೇ ಎಂದು ಮಾತಾಡದೆ ಕೈಯಲ್ಲೇ ಸನ್ನೆ ಮಾಡಿದೆ. ಬಾ, ಇಳಿಸು ಅಂತ. ಸನ್ನೆಯಲ್ಲೇ ಕೆಲಸ ಮಾಡುವುದು ನಮಗೇನು ಹೊಸದಲ್ಲ.

ಕೊಕ್ಕೆ ಗಾಳಿಯಲ್ಲಿ ನಿಂತುಬಿಟ್ಟಿತು. ನಾನು ಮತ್ತೆ ಸನ್ನೆ ಮಾಡಿದೆ. ಎರಡೂ ಕೈ ಎತ್ತಿ ಮಾಡಿದೆ. ಅದು ಅಲ್ಲೇ ನೇತಾಡುತ್ತಿತ್ತು. ಆಗ ವಾಕಿಟಾಕಿಯಲ್ಲಿ ಅಣ್ಣನ ದನಿ ಬಂತು, ಮೆಲ್ಲಗೆ, ಬೇರೆ ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ.

"ಪುಟ್ಟಿ, ಎಲ್ಲಿದ್ದೀಯ?"

ನಾನು ಅವನ ಕಣ್ಣೆದುರಿಗೇ ಇದ್ದೆ. ಅವನ ಮತ್ತು ನನ್ನ ನಡುವೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ.

ಇಲ್ಲೇ ಇದ್ದೀನಿ ಎಂದೆ. ಎಡಕ್ಕೆ ಅಂದೆ. ಎಡಕ್ಕೆ ಎಂದು ಅವನೂ ಹೇಳಿದ. ಸಂಜೆಯವರೆಗೂ ಒಂದು ಕ್ಷಣವೂ ಬಾಯಿ ಮುಚ್ಚಲಿಲ್ಲ. ಅದು ಸ್ಲ್ಯಾಬಿನ ಮೇಲಿನ ಬಿಸಿಲಿನ ಝಳ ಇರಬಹುದು. ಅವನ ಕ್ಯಾಬಿನ್ನಿನ ಗಾಜಿಗೆ ಧೂಳು ಕೂತಿರಬಹುದು.

ಫೆಬ್ರವರಿ 21, ಶುಕ್ರವಾರ

ಅಣ್ಣ ಸ್ನಾನಕ್ಕೆ ಹೋದಾಗ ಕ್ಯಾಬಿನ್ ಗಾಜು ಒರೆಸುವ ನೆಪದಲ್ಲಿ ಬೆಳಿಗ್ಗೆ ಬೇಗ ಸೈಟಿಗೆ ಹೋಗಿ ಹತ್ತಿದೆ. ಗಾಜು ಶುಭ್ರವಾಗಿತ್ತು. ಸ್ಲ್ಯಾಬಿನ ಮೇಲೆ ಬಿದ್ದಿದ್ದ ಒಂದು ಕೈಗವಸು ಕೂಡ ಅಲ್ಲಿಂದ ಕಾಣುತ್ತಿತ್ತು.

ಫೆಬ್ರವರಿ 23, ಭಾನುವಾರ

ಕೇಳಿಯೇಬಿಟ್ಟೆ.

ಅತ್ತಿಗೆ ಬಟ್ಟೆ ಒಗೆಯುತ್ತಿದ್ದರು. ಅಣ್ಣ ಕಿಟಕಿಯ ಹತ್ತಿರ ರೇಡಿಯೋ ಕೇಳುತ್ತಾ ಕೂತಿದ್ದ. ಅವನ ಎಡಗಡೆಯಿಂದ ಹೋಗಿ ಮುಖದ ಪಕ್ಕ ಕೈ ಚಾಚಿದೆ. ಅವನಿಗೆ ಗೊತ್ತಾಗಲಿಲ್ಲ. ಕೈ ಹಾಗೇ ಇಟ್ಟುಕೊಂಡು, ಅಣ್ಣಾ, ಇದು ಎಷ್ಟು ದಿನದಿಂದ ಎಂದು ಕೇಳಿದೆ. ಬೆಚ್ಚಿಬಿದ್ದು ತಿರುಗಿದ. ಬಟ್ಟೆ ಕುಕ್ಕುವ ಸದ್ದು ನಿಂತುಹೋಯಿತು. ಅತ್ತಿಗೆಗೆ ಗೊತ್ತಿತ್ತು.

ಒಂದು ವರ್ಷದ ಮೇಲಾಯಿತಂತೆ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸತ್ತುಹೋಗುತ್ತದಂತೆ. ಸತ್ತದ್ದು ಮತ್ತೆ ಬರುವುದಿಲ್ಲವಂತೆ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ ಕೊಳವೆಯಲ್ಲಿ ಇಣುಕಿದ ಹಾಗೆ ಮಧ್ಯದಲ್ಲಿ ಮಾತ್ರ ಸ್ವಲ್ಪ ಕಾಣುತ್ತದೆ. ಸುತ್ತಲಿನ ಕತ್ತಲೆ ದಿನಾ ಇಷ್ಟಿಷ್ಟೇ ಒಳಗೆ ಬರುತ್ತಿದೆ. ಡಾಕ್ಟರ್ ಕೆಲಸ ಬಿಡಲೇಬೇಕು ಅಂದಿದ್ದಾರೆ. ಇದನ್ನೆಲ್ಲ ಬಸ್ಸು ತಡವಾಯಿತು ಅನ್ನುವ ಹಾಗೆ ಹೇಳಿದ.

"ಈ ಒಂದು ಕಟ್ಟಡ ಮುಗೀಲಿ ಪುಟ್ಟಿ. ಆಮೇಲೆ ನಾನೇ ಬಿಡ್ತೀನಿ. ಅಲ್ಲಿವರೆಗೆ ನೀನು ಹೇಳು, ನಾನು ಎತ್ತುತ್ತೀನಿ. ಇಷ್ಟು ದಿನ ನಡೆದಿಲ್ವಾ?"

ಹಾಗಾದರೆ ಆವತ್ತು ಗೊರಕೆಯ ತಲೆಯ ಮೇಲಿಂದ ಹೋದದ್ದು? ನಾನು ಸರಿಯಾದ ಹೊತ್ತಿಗೇ ಹೇಳಿದ್ದೆನಾ? ಕೇಳಿದೆ. ನಿಲ್ಲಿಸುವ ಲಿವರಿನ ಮೇಲೆ ಕೈ ಸರಿಯಾಗಿ ಬೀಳಲಿಲ್ಲ ಅಂದ. ಹೋದ ವರ್ಷ ನನ್ನ ಕೈ ನಿಜವಾಗಿಯೂ ನಡುಗುತ್ತಿತ್ತಾ ಎಂದೂ ಕೇಳಿದೆ. ಅವನು ಎದ್ದು ಹೋಗಿ, ತೊಟ್ಟಿಕ್ಕದೇ ಇದ್ದ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡಿದ.

ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅವನ ಮುಖ ನೋಡಿ ಸಂಕಟವಾಯಿತು ಅಷ್ಟೇ. ಮೇಲೆ ಕೂತಾಗ ಅವನು ರಾಜ, ಕೆಳಗೆ ಇಳಿದರೆ ಮೆಟ್ಟಿಲಿಗೆ ಕಾಲು ತಡಕುತ್ತಾನೆ. ಆ ಕುರ್ಚಿಯೂ ಹೋದರೆ ಅವನಿಗೆ ಉಳಿಯುವುದಾದರೂ ಏನು?

ಆಗಲಿ ಅಂದೆ.

ಫೆಬ್ರವರಿ 27, ಗುರುವಾರ

ಗಾಳಿ. ಇಡೀ ದಿನ ಕ್ರೇನಿನ ತಂತಿ ಗುಂಯ್ ಅನ್ನುತ್ತದೆ. ನಾನು ಹೇಳುತ್ತೇನೆ, ಅವನು ಎತ್ತುತ್ತಾನೆ. ಯಾರಿಗೂ ಏನೂ ಗೊತ್ತಾಗಿಲ್ಲ.

ಕೆಳಗೆ ಓಡಾಡುವವರ ತಲೆಗಳನ್ನು ನೋಡಲು ಆಗುತ್ತಿಲ್ಲ. ಬೋಳು ತಲೆ, ಟೋಪಿ ಹಾಕಿದ ತಲೆ, ನೀರು ತರುವ ಹೆಂಗಸಿನ ಸೆರಗು ಹೊದ್ದ ತಲೆ. ಅವರೆಲ್ಲ ನಾನು ಹೇಳುವ ಒಂದು ಮಾತಿನ ಮೇಲೆ ಬದುಕಿದ್ದಾರೆ. ನಾನು ಕೆಮ್ಮಿದರೆ? ಬ್ಯಾಟರಿ ಮುಗಿದರೆ? ಬಿಸಿ ತುಪ್ಪದ ಹಾಗಾಗಿದೆ, ಉಗುಳಲೂ ಆಗದು, ನುಂಗಲೂ ಆಗದು.

ಒಂದು ವಿಷಯ. ಐದನೇ ಮಹಡಿಯ ಮೂಲೆಗೆ ಇಟ್ಟಿಗೆ ಇಳಿಸುವಾಗ ಅಣ್ಣ, ಜಾಗ ಸಾಲದು ಅಂದ. ನಾನು ಸಾಲುತ್ತೆ, ಬಾ ಅಂದೆ. ಬಂತು, ಸರಿಯಾಗಿ ಕೂತಿತು. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಮಾರ್ಚ್ 1, ಶನಿವಾರ

ಪರೀಕ್ಷೆಯ ಚೀಟಿ ಬಂತು. ಮೇಸ್ತ್ರಿ ಎಲ್ಲರೆದುರು ಕೊಟ್ಟು, ನಮ್ಮ ಸೈಟಿನ ಮರ್ಯಾದೆ ಉಳಿಸು ಎಂದರು.

ಮನೆಗೆ ಬಂದ ಮೇಲೆ ಅಣ್ಣ ಹತ್ತಿರ ಕೂರಿಸಿಕೊಂಡು ಹೇಳಿದ. ನೀನು ಪಾಸಾದರೆ ನಿನ್ನನ್ನು ಬೇರೆ ಸೈಟಿಗೆ ಹಾಕುತ್ತಾರೆ, ನನಗೆ ಯಾರೋ ಹೊಸಬನನ್ನು ಕೊಡುತ್ತಾರೆ. ಹೊಸಬ ಹೇಳಿದ್ದು ನನಗೆ ಸಾಲದು. ಆಗ ಯಾರ ತಲೆಗೋ ಬಿದ್ದರೆ ಅದು ನಿನ್ನ ಮೇಲೆ ಬರುತ್ತೆ ಪುಟ್ಟಿ, ನನ್ನ ಮೇಲಲ್ಲ ಅಂದ. ಹತ್ತನೇ ತಾರೀಕು ಜ್ವರ ಅಂತ ಹೇಳು ಅಂದ. ಅವನ ದನಿ, ನಾನು ಚಿಕ್ಕವಳಿದ್ದಾಗ ನನಗೆ ಔಷಧಿ ಕುಡಿಸುವಾಗ ಇದ್ದ ಹಾಗೇ ಇತ್ತು. ಅಷ್ಟು ಮೆತ್ತಗೆ.

ಸರಿ ಎಂದೆ. ಹೇಗೂ ನಾನು ಫೇಲಾಗುವವಳೇ.

ಅತ್ತಿಗೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡರು.  ಅವರ ಕೈ ತಣ್ಣಗಿತ್ತು.

ಮಾರ್ಚ್ 4, ಮಂಗಳವಾರ

ಗುರುವಾರ ಕಬ್ಬಿಣದ ನೀರಿನ ಟ್ಯಾಂಕ್ ಬರುತ್ತದೆ. ಅಂಗಳದಲ್ಲಿ ಜಾಗವಿಲ್ಲ, ಲಾರಿ ರಸ್ತೆಯಲ್ಲೇ ನಿಲ್ಲಬೇಕು. ಅಲ್ಲಿಂದ ಎತ್ತಿ ತಾರಸಿಗೆ ಇಡಬೇಕು. ರಸ್ತೆಯ ಆಚೆಗೆ ಬಸ್ ನಿಲ್ದಾಣ. ಹಗ್ಗ ಕಟ್ಟಿ ಜನರನ್ನು ತಡೆಯುತ್ತಾರಂತೆ. ಬಸ್ಸು ಕಂಡರೆ ಹಗ್ಗದ ಕೆಳಗೆ ನುಗ್ಗದೇ ಇರುವ ಜನ ಯಾರಿದ್ದಾರೆ?

ಮೇಸ್ತ್ರಿ ಬಂದು ನಿಯಮ ಮತ್ತೆ ಹೇಳಿದರು. ಎಲ್ಲರ ವಾಕಿಟಾಕಿಯೂ ಒಂದೇ ಚಾನೆಲ್‌ನಲ್ಲಿ ಇರಬೇಕು. ಯಾರೇ ನಿಲ್ಸು ಅಂದರೂ ಕ್ರೇನ್ ನಿಲ್ಲಬೇಕು. ಯಾರು ನಿಲ್ಲಿಸಿದರೋ ಅವರೇ ಬಿಡು ಅನ್ನಬೇಕು, ಅಲ್ಲಿಯವರೆಗೆ ಮುಖ್ಯಸ್ಥರು ಬಂದರೂ ಅಲುಗಾಡಿಸುವಂತಿಲ್ಲ. ನಮಗೆಲ್ಲ ಇದು ಬಾಯಿಪಾಠ.

ಗಾಳಿ ಇದ್ದರೆ ಮುಂದೆ ಹಾಕೋಣ ಎಂದು ಅಣ್ಣನಿಗೆ ಹೇಳಿ ನೋಡಿದೆ. ನಾನು ಹೆದರಿದೆ ಅಂತಾರೆ ಎಂದ.

ಮಾರ್ಚ್ 6, ಗುರುವಾರ

ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ. ನನಗೆ ಮಾತ್ರ ಬರೆಯುವುದು ನಿಲ್ಲುತ್ತಿಲ್ಲ.

ಬೆಳಿಗ್ಗೆ ಗಾಳಿ ತಗ್ಗಿತ್ತು. ಲಾರಿ ಬಂತು. ಗೊರಕೆ ಲಾರಿಯ ಮೇಲೆ ಹತ್ತಿ ನಾಲ್ಕು ಮೂಲೆಗೂ ಬೆಲ್ಟ್ ಸಿಕ್ಕಿಸಿ, ಟ್ಯಾಂಕಿನ ಪಕ್ಕದಲ್ಲೇ, ಅದಕ್ಕೆ ಕಟ್ಟಿದ ಹಗ್ಗ ಹಿಡಿದು ನಿಂತ. ನಾನು ರಸ್ತೆಯ ಅಂಚಿನಲ್ಲಿದ್ದೆ. ಎತ್ತು ಅಂದೆ. ಎತ್ತುತ್ತಿದ್ದೀನಿ ಅಂದ. ಟ್ಯಾಂಕು ಲಾರಿಯಿಂದ ಒಂದಾಳೆತ್ತರ ಮೇಲೆ ಬಂತು. ಅಷ್ಟರಲ್ಲಿ ಗಾಳಿ ಬೀಸಿ ಅದನ್ನು ಮೆಲ್ಲಗೆ ತಿರುಗಿಸಿತು. ಅದರ ಮೂಲೆ ಕಟ್ಟಡದ ಗೋಡೆಗೆ ಬೊಂಬು ಕಟ್ಟಿದ ಸಾರುವೆಯ ಕಡೆ ಹೋಗುತ್ತಿತ್ತು. ಸಾರುವೆಯ ಮೇಲೆ ಬಣ್ಣ ಬಳಿಯುವವರು ಇಬ್ಬರಿದ್ದರು. ನಾನು ಇನ್ನೂ ತಿರುಗಿಸು ಅಂದಿರಲಿಲ್ಲ. ಅಣ್ಣ ತಾನೇ ತಿರುಗಿಸಲು ಶುರು ಮಾಡಿದ.

ನಿಲ್ಸು ಅಂದೆ. ನಿಂತಿತು.

ಮೇಸ್ತ್ರಿ ಓಡಿ ಬಂದರು. ಅವರು ನಿಂತಿದ್ದ ಕಡೆಯಿಂದ ನೋಡಿದರೆ ಬೇಕಾದಷ್ಟು ಜಾಗ ಇತ್ತಂತೆ. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಬಸ್ಸು ನಿಂತಿತ್ತು, ಜನ ಹಗ್ಗದ ಹತ್ತಿರ ಒತ್ತಿಕೊಂಡು ನಿಂತಿದ್ದರು. ವಾಕಿಟಾಕಿಯಲ್ಲಿ ಅಣ್ಣ ಹೇಳಿದ, ಎಲ್ಲರಿಗೂ ಕೇಳಿಸುವ ಹಾಗೆ, ನಗುತ್ತಾ: "ಜಾಗ ಇದೆ ಪುಟ್ಟಿ, ಬಿಡು. ನನಗೆ ಕಾಣ್ತಿದೆ."

ಸಾರುವೆಯ ಮೇಲಿದ್ದವರಲ್ಲಿ ಒಬ್ಬ ಕುಂಚ ಹಿಡಿದುಕೊಂಡು ಟ್ಯಾಂಕನ್ನೇ ನೋಡುತ್ತಿದ್ದ. ಕೈ ಚಾಚಿದರೆ ಅವನು ಅದನ್ನು ಮುಟ್ಟಬಹುದಿತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ಮತ್ತೊಮ್ಮೆ ನೋಡಿದೆ. ಜಾಗ ಇರಲಿಲ್ಲ.

"ಇಲ್ಲ ಅಣ್ಣ. ನಿನಗೆ ಕಾಣ್ತಿಲ್ಲ."

ಎಲ್ಲರ ಸೊಂಟದಿಂದಲೂ ನನ್ನ ದನಿ ಬಂತು. ಲಾರಿಯ ಮೇಲಿನಿಂದ, ತಾರಸಿಯಿಂದ, ಮೇಸ್ತ್ರಿಯ ಎದೆಯ ಜೇಬಿನಿಂದ. ಅದನ್ನು ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ. ಮೇಸ್ತ್ರಿ ಏನಮ್ಮ ಹೇಳ್ತಿದ್ದೀಯ ಎಂದರು. ಅಣ್ಣನಿಗೆ ಒಂದು ಕಣ್ಣಿಲ್ಲ, ಇನ್ನೊಂದರಲ್ಲಿ ಅರ್ಧ ಇಲ್ಲ, ಒಂದು ವರ್ಷದಿಂದ ಇಲ್ಲ ಎಂದು ಹೇಳಿದೆ. ಬಣ್ಣದವರಿಬ್ಬರನ್ನೂ ಇಳಿಸಿ, ಗೊರಕೆಯನ್ನು ಲಾರಿಯಿಂದ ದೂರ ಕಳಿಸಿ ಎಂದೂ ಹೇಳಿದೆ. ಅವರು ನನ್ನ ಮುಖ ನೋಡಿ ಎದುರು ಮಾತಾಡದೆ ಕೂಗಿ ಇಳಿಸಿದರು.

ಆದರೆ ಟ್ಯಾಂಕು ಹಾಗೇ ನೇತಾಡುತ್ತಿತ್ತು. ಕೆಳಗಿಳಿಸು ಅಣ್ಣ ಅಂದೆ. ಮೇಸ್ತ್ರಿ ಕೂಗಿದರು. ಉತ್ತರವಿಲ್ಲ. ಗಾಳಿ ಮತ್ತೆ ಏಳುತ್ತಿತ್ತು, ಟ್ಯಾಂಕು ಒಮ್ಮೆ ಅತ್ತ ಒಮ್ಮೆ ಇತ್ತ ತಿರುಗಿ, ಬೆಲ್ಟುಗಳು ಕಿರುಗುಡುತ್ತಿದ್ದವು. ಮೇಲೆ ಕ್ಯಾಬಿನ್ನಿನಲ್ಲಿ ಏನೂ ಅಲುಗಾಡುತ್ತಿರಲಿಲ್ಲ. ಅವನು ಏನಾದರೂ ಮಾಡಿಕೊಂಡನೇನೋ ಅನ್ನಿಸಿತು. ವಾಕಿಟಾಕಿಯನ್ನು ಮೇಸ್ತ್ರಿಯ ಕೈಗೆ ತುರುಕಿ ಏಣಿ ಹತ್ತಿದೆ. ಹತ್ತುವಾಗ ಏನು ಯೋಚಿಸಿದೆ ಎಂದು ಈಗ ನೆನಪಿಲ್ಲ. ಮಧ್ಯದಲ್ಲಿ ಗಾಳಿಗೆ ಕಂಬವೇ ತೂಗುತ್ತಿತ್ತು, ಅದು ನೆನಪಿದೆ.

ಅಣ್ಣ ಕೂತೇ ಇದ್ದ. ಎರಡೂ ಕೈ ತೊಡೆಯ ಮೇಲಿದ್ದವು. ನನ್ನ ಸದ್ದು ಕೇಳಿ, ನನ್ನನ್ನು ಎಲ್ಲರೆದುರು ಬೀಳಿಸಿಬಿಟ್ಟೆಯಲ್ಲೇ ಅಂದ. ಏಳು ಅಣ್ಣ ಎಂದೆ. ಅವನು ಏಳಲಿಲ್ಲ. ತೋಳು ಹಿಡಿದು ಎಬ್ಬಿಸಿದೆ. ಮೂಲೆಗೆ ಸರಿದು ನಿಂತ. ಆ ಕ್ಯಾಬಿನ್ನಿನಲ್ಲಿ ಇಬ್ಬರು ನಿಂತರೆ ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಗೆ ತಾಗುತ್ತದೆ.

ಕೂತು ಕೆಳಗೆ ನೋಡಿದೆ. ಟ್ಯಾಂಕು, ಲಾರಿ, ಬಸ್ಸು, ಹಗ್ಗದ ಹಿಂದಿನ ಜನ, ಎಲ್ಲ ಅದರದರ ಜಾಗದಲ್ಲಿದ್ದವು. ಟ್ಯಾಂಕು ತಿರುಗಿ ಲಾರಿಗೆ ನೇರವಾಗುವವರೆಗೆ ಕಾದೆ. ಅಣ್ಣ ಹಿಂದಿನಿಂದ, ನಿಧಾನ ಪುಟ್ಟಿ, ಗಾಳಿ ಎಳೆಯುತ್ತೆ, ಮೊದಲು ಎಡಕ್ಕೆ, ಎಡಕ್ಕೆ ಎಂದು ಹೇಳತೊಡಗಿದ. 

"ಸುಮ್ಮನಿರು ಅಣ್ಣ," ಎಂದೆ. "ನನಗೆ ಕಾಣ್ತಿದೆ."

ಇಳಿಸಿದೆ. ಲಾರಿಯ ಮೇಲೆ ಕೂತಿತು. ಕೆಳಗೆ ಯಾರೋ ಚಪ್ಪಾಳೆ ಹೊಡೆದರು. ಬಸ್ಸು ತಪ್ಪಲಿಲ್ಲ ಅಂತ ಇರಬೇಕು. ಗೊರಕೆ ಬೆಲ್ಟ್ ಬಿಚ್ಚಿದ ಮೇಲೆ ಕೊಕ್ಕೆ ಎತ್ತಿ, ಗಾಳಿಯೊಂದಿಗೆ ಕ್ರೇನ್ ತಾನೇ ತಿರುಗಿಕೊಳ್ಳಲಿ ಎಂದು ಬ್ರೇಕ್ ಸಡಿಲಿಸಿ ಎಲ್ಲ ಆರಿಸಿದೆ.

ಅವನನ್ನು ಇಳಿಸುವುದು ಹೆಚ್ಚು ಕಷ್ಟವಾಯಿತು. ಇಷ್ಟು ದಿನ ಆ ಏಣಿಯನ್ನು ಅಭ್ಯಾಸದ ಬಲದಿಂದಲೇ ಇಳಿಯುತ್ತಿದ್ದವನಿಗೆ ಇವತ್ತು ಕಾಲೇ ಬರಲಿಲ್ಲ. ನಾನು ಅವನ ಕೆಳಗೆ ಇಳಿಯುತ್ತಾ, ಅವನ ಹಿಮ್ಮಡಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಟ್ಟೆ. ಹಾಂ, ಇಲ್ಲಿ. ಇನ್ನೊಂದು. ಇಲ್ಲಿ.  ಅವನ ಕಣ್ಣಿನಿಂದ ನನ್ನ ಕೈ ಮೇಲೆ ನೀರು ಬಿತ್ತು. ಗಾಳಿಗೂ ಕಣ್ಣಲ್ಲಿ ನೀರು ಬರುತ್ತದೆ.

ಮೇಸ್ತ್ರಿ ಅಣ್ಣನನ್ನು ಕೂರಿಸಿ ನೀರು ಕೊಟ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಲೈಸೆನ್ಸ್ ಇಲ್ಲದೆ ಮೇಲೆ ಹತ್ತಿ ಲಿವರ್ ಮುಟ್ಟಿದ್ದಕ್ಕೆ ನಿನ್ನನ್ನು ಈಗಲೇ ಮನೆಗೆ ಕಳಿಸಬೇಕು, ಆದರೆ ನಾನು ಆಗ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ, ಏನೂ ನೋಡಲಿಲ್ಲ ಎಂದರು.

ಮಾರ್ಚ್ 8, ಶನಿವಾರ

ಅಣ್ಣನನ್ನು ಕೆಲಸದಿಂದ ಬಿಡಿಸಿದರು. ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಅತ್ತಿಗೆ ತಟ್ಟೆ ಇಡುತ್ತಾರೆ, ಎತ್ತುತ್ತಾರೆ. ನನ್ನ ಜೊತೆ ಮಾತಿಲ್ಲ. ಅತ್ತಿಗೆಯೂ ಅಷ್ಟೇ. ನಿನ್ನೆ ಮಾತ್ರ ಒಂದು ಸಲ, ನನಗೆ ದಿನಾ ಅವರು ಮನೆಗೆ ಬರೋವರೆಗೂ ಜೀವ ಇರ್ತಿರಲಿಲ್ಲ ಎಂದರು, ಒಲೆಯ ಕಡೆ ನೋಡಿಕೊಂಡು.

ಮಧ್ಯಾಹ್ನ ನಾನು ಅವನ ಕೋಣೆಯ ಬಾಗಿಲಿಗೆ ಒರಗಿ ಬೆಂಡೆಕಾಯಿ ಹೆಚ್ಚುತ್ತಿದ್ದೆ. ಒಳಗಿನಿಂದ ದನಿ ಬಂತು.

"ನಡುಗಿರಲಿಲ್ಲ."

ನಾನು ಹೆಚ್ಚುವುದನ್ನು ನಿಲ್ಲಿಸಿದೆ.

"ಹೋದ ವರ್ಷ. ನಿನ್ನ ಕೈ ನಡುಗಿರಲಿಲ್ಲ. ನನಗೆ ಆಗಲೇ ಎಡಗಣ್ಣು ಮಬ್ಬಾಗ್ತಿತ್ತು. ನೀನು ಹೋಗಿಬಿಟ್ಟರೆ ಅಂತ ಹೆದರಿಕೆ."

ಇಡೀ ವರ್ಷ ಲೋಟ ಹಿಡಿದಾಗಲೆಲ್ಲ, ಬೀಗದ ಕೈ ಹಿಡಿದಾಗಲೆಲ್ಲ ನಾನು ನನ್ನ ಕೈ ನೋಡಿಕೊಂಡಿದ್ದೇನೆ. ಆಗ ಬಂತು ಸಿಟ್ಟು. ಎಷ್ಟು ಬಂತೆಂದರೆ ಎದ್ದು ಹೊರಗೆ ಹೋಗಿ ಬೀದಿಯ ಕೊನೆಯವರೆಗೆ ನಡೆದು ಬಂದೆ. ಬಂದ ಮೇಲೆ ಉಳಿದ ಬೆಂಡೆಕಾಯಿ ಹೆಚ್ಚಿದೆ. ಬಾಗಿಲಿಗೆ ಒರಗಲಿಲ್ಲ. 

ಬಲಗಣ್ಣೂ ವರ್ಷದೊಳಗೆ ಹೋಗಬಹುದು ಎಂದು ಡಾಕ್ಟರ್ ಅತ್ತಿಗೆಗೆ ಹೇಳಿದ್ದಾರಂತೆ. ಅದು ಅವನಿಗೂ ಗೊತ್ತು.

ಮಾರ್ಚ್ 9, ಭಾನುವಾರ

ಜಾಕೆಟ್ ಒಗೆದು ಹಾಕಿದೆ. ಒಣಗಿದೆ.

ಮಾರ್ಚ್ 10, ಸೋಮವಾರ

ಪರೀಕ್ಷೆಯ ಮೈದಾನ ಊರಿನಾಚೆ ಇದೆ. ಎರಡು ಕ್ರೇನ್ ನಿಂತಿವೆ, ಹಳದಿಯದೊಂದು, ಕೆಂಪಿನದೊಂದು. ನನ್ನ ಸರದಿ ಕೆಂಪಿನದರಲ್ಲಿ. ಪರೀಕ್ಷೆ ಮಾಡುವವರು ನನ್ನ ಹಿಂದೆಯೇ ಏಣಿ ಹತ್ತಿ ಬಂದರು. ವಯಸ್ಸಾದವರು, ಏದುಸಿರು ಬಿಡುತ್ತಿದ್ದರು. ಕೂರುವ ಮೊದಲು ಬೀಗ, ಬ್ರೇಕು, ಗಾಳಿಯ ಮೀಟರು ಎಲ್ಲ ನೋಡಿದೆ. ಮೀಟರಿನ ಮುಳ್ಳು ಅಂಟಿಕೊಂಡಿತ್ತು. ಇದು ಸರಿಯಾಗುವವರೆಗೆ ಎತ್ತುವುದಿಲ್ಲ ಅಂದೆ. ಹತ್ತು ಜನ ಇದನ್ನು ನೋಡದೆ ಎತ್ತಿ ಹೋದರು ಎಂದು ಹೇಳಿ, ಅವರು ಬೆರಳಿನಲ್ಲಿ ತಟ್ಟಿ ಮುಳ್ಳನ್ನು ಬಿಡಿಸಿದರು. ಅವರೇ ಅಂಟಿಸಿಟ್ಟಿದ್ದರೆಂದು ಕಾಣುತ್ತದೆ.

ಕೆಲಸ ಕಲಿಸಿದವರು ಯಾರು ಎಂದು ಕೇಳಿದರು. ನಮ್ಮಣ್ಣ ಎಂದೆ. ಅವರು ಈಗ ಎಲ್ಲಿದ್ದಾರೆ ಎಂದು ಕೇಳಿದರು, ಸುಮ್ಮನೆ ಮಾತಿಗೆ.

ಮನೆಯಲ್ಲಿ ಇದ್ದಾರೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗೆ ಗೇಟಿನ ಹತ್ತಿರ ಆಟೋ ನಿಂತು ಅದರಿಂದ ಇಳಿಯುತ್ತಿದ್ದವರು ಕಂಡರು. ಅತ್ತಿಗೆ ಕಾವಲುಗಾರನ ಹತ್ತಿರ ಏನೋ ಕೇಳುತ್ತಿದ್ದರು. ಅಣ್ಣ ತಾನೇ ಗೋಡೆ ಹಿಡಿದುಕೊಂಡು ಒಳಗೆ ಬಂದ, ಮೈದಾನದ ಅಂಚಿಗೆ ಬಂದು ನಿಂತ. ಹಬ್ಬಕ್ಕೆ ಹಾಕುವ ಅಂಗಿ ಹಾಕಿದ್ದ. ತಲೆ ಮೇಲೆತ್ತಿ ಹಣೆಗೆ ಕೈ ಅಡ್ಡ ಹಿಡಿದು ತುಂಬಾ ಹೊತ್ತು ಹುಡುಕಿದ. ಆಮೇಲೆ ಕೈ ಎತ್ತಿ ಜೋರಾಗಿ ಬೀಸಿದ, ಆ ಹಳದಿ ಕ್ರೇನಿನ ಕಡೆಗೆ. ಅದರಲ್ಲಿ ಯಾರೂ ಇರಲಿಲ್ಲ.

ಅಗೋ, ಅಲ್ಲಿ ನಿಂತಿದ್ದಾರಲ್ಲ, ಅವರೇ ಎಂದೆ. ಪರೀಕ್ಷೆ ಮಾಡುವವರು ನೋಡಿದರು. 

ಅಣ್ಣ ಬೀಸುತ್ತಲೇ ಇದ್ದ. ನಾನೂ ಗಾಜಿನ ಹಿಂದಿನಿಂದ ಕೈ ಬೀಸಿದೆ. ಆಮೇಲೆ ಲೋಡ್ ಎತ್ತಿದೆ.